‘ಪ್ರೆತಾಪೋರ್ತೆ’ಗೆ ಕನ್ನಡದಲ್ಲಿ ಏನನ್ನೋಣ? ‘ಸಿದ್ಧ ಉಡುಪು’ ಸಾಕಾ?

ಎಲ್ಲರಿಗೂ ನಮಸ್ಕಾರ.

ಮೂರು ದಿನದಿಂದ ಒಂದು ಪದ ತಲೆ ತಿನ್ನುತ್ತಿದೆ. ನಾವು ಕೆಲವು ಗೆಳೆಯರು ತಿಂಗಳಿಗೊಂದು ಹಳೆಯ ಸಿನಿಮಾ ಹಾಕಿಕೊಂಡು ನೋಡುತ್ತೇವೆ. ನೋಡುವ ಮೊದಲು ಒಂದು ಪುಟದ ಕನ್ನಡ ಪರಿಚಯ ಹಂಚುವ ರೂಢಿ. ಈ ಸಲದ ಸರದಿ ನನ್ನದು. ಸಿನಿಮಾ ಅಮೆರಿಕದ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಅವರ 1994ರ ‘ಪ್ರೆತಾಪೋರ್ತೆ’. ಪ್ಯಾರಿಸ್ಸಿನ ಫ್ಯಾಷನ್ ವಾರವನ್ನು ಗೇಲಿ ಮಾಡುವ ಚಿತ್ರ. ಪುಟ ತುಂಬಿದೆ. ತಲೆಬರಹ ಮಾತ್ರ ಬಂದಿಲ್ಲ.

ಮೊದಲು ಉಚ್ಚಾರಣೆ. ಫ್ರೆಂಚಿನಲ್ಲಿ ‘ಪ್ರೆ’ ಅಂದರೆ ಸಿದ್ಧ, ತಯಾರು. ಬರೆಯುವಾಗ ಕೊನೆಗೆ ಒಂದು ‘ತ್’ ಇರುತ್ತದೆ, ಒಂಟಿಯಾಗಿ ಹೇಳುವಾಗ ಅದು ಕೇಳಿಸುವುದಿಲ್ಲ. ಮುಂದೆ ಸ್ವರ ಬಂದರೆ ಮಾತ್ರ ಬಾಯಿ ಬಿಡುತ್ತದೆ. ನಮ್ಮ ಆಗಮ ಸಂಧಿಯಲ್ಲಿ ಯಕಾರವೋ ವಕಾರವೋ ಹೊರಗಿನಿಂದ ಬಂದು ಸೇರುತ್ತದೆ. ಇಲ್ಲಿ ಹಾಗಲ್ಲ, ಒಳಗೇ ಬಚ್ಚಿಟ್ಟುಕೊಂಡಿದ್ದ ಅಕ್ಷರ ಎದ್ದು ಬರುತ್ತದೆ. ‘ಪ್ರೆ’ ಮುಂದೆ ‘ಆ’ ಇದೆ, ಆದ್ದರಿಂದ ‘ಪ್ರೆತಾಪೋರ್ತೆ’. ‘ಪ್ರೆಟ್ ಎ ಪೋರ್ಟರ್’ ಅಂತ ಬರೆದರೆ ರೈಲ್ವೆ ಸ್ಟೇಷನ್ನಿನ ಕೂಲಿಯ ನೆನಪಾಗುತ್ತದೆ. ತಮಾಷೆ ಅಂದರೆ ಅದೂ ಪೂರ್ತಿ ತಪ್ಪಲ್ಲ. ಫ್ರೆಂಚಿನ ‘ಪೋರ್ತೆ’ಗೆ ಹೊರು ಅನ್ನುವ ಅರ್ಥವೂ ಇದೆ, ಬಟ್ಟೆ ಹಾಕಿಕೋ ಅನ್ನುವ ಅರ್ಥವೂ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈ ಪದ ಹುಟ್ಟಾ ಫ್ರೆಂಚಲ್ಲ. ಅಮೆರಿಕದವರ ‘ರೆಡಿ ಟು ವೇರ್’ ಅನ್ನು ಎರಡನೇ ಮಹಾಯುದ್ಧದ ನಂತರ ಫ್ರೆಂಚರು ಪದಕ್ಕೆ ಪದ ಇಟ್ಟು ಮಾಡಿಕೊಂಡದ್ದು. ಆಲ್ಟ್‌ಮನ್ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗುವ ಹೊತ್ತಿಗೆ ವಿತರಕರಾದ ಮಿರಾಮ್ಯಾಕ್ಸ್‌ನವರು, ಈ ಹೆಸರು ನಮ್ಮ ಜನಕ್ಕೆ ತಿಳಿಯಲ್ಲ ಅಂತ ‘ರೆಡಿ ಟು ವೇರ್’ ಎಂದು ಬದಲಿಸಿಬಿಟ್ಟರು. ಅತ್ತೆ ಮನೆಗೆ ಹೋದ ಪದ ತವರಿಗೆ ಬಂದ ಹಾಗೆ. ಅದು ತನ್ನ ಮನೆಯದೇ ಪದ ಅಂತ ತವರಿನವರಿಗೇ ಗುರುತಿರಲಿಲ್ಲ.

ಈಗ ನಮ್ಮ ಮನೆಯ ಮಾತು. ‘ಸಿದ್ಧ ಉಡುಪು’ ಅಂತ ಪದ ಇದೆಯಲ್ಲ, ಇನ್ನೇನು ತಕರಾರು ಅಂತ ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಬರೆದೆ. ಬರೆದು ಓದಿದಾಗ ಕಣ್ಣ ಮುಂದೆ ಬಂದದ್ದು ಪ್ಯಾರಿಸ್ ಅಲ್ಲ, ಪೀಣ್ಯ. ಬೆಳಿಗ್ಗೆ ಕಾರ್ಖಾನೆ ವ್ಯಾನುಗಳಲ್ಲಿ ಒತ್ತಿಕೊಂಡು ಹೋಗುವ ಹೆಣ್ಣುಮಕ್ಕಳು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ನಿಯಮ ಬದಲಾಯಿತು ಅಂತ ಬೆಂಗಳೂರಿನ ಬೀದಿಗಿಳಿದರಲ್ಲ, ಅವರು. ನಮ್ಮ ಬೀದಿಯ ಅಕ್ಕ ಒಬ್ಬರು ಇಂಥ ಕೆಲಸಕ್ಕೆ ಹೋಗುತ್ತಾರೆ. ಈ ಪದ ಬಳಸುತ್ತೀರಾ ಅಂತ ಕೇಳಿದೆ. “ಸಿದ್ಧ ಉಡುಪಾ? ಅದು ಸ್ಟ್ರೈಕ್ ಆದಾಗ ಪೇಪರ್‌ನಲ್ಲಿ ಬರೆಯೋದಲ್ವಾ ಅಣ್ಣ?” ಅಂದರು. ಅವರ ಬಾಯಲ್ಲಿ ಅದು ‘ಗಾರ್ಮೆಂಟ್ಸ್’. ಈ ಗಾರ್ಮೆಂಟ್ಸ್ ಅನ್ನುವುದೂ ವಿಚಿತ್ರವೇ. ಇಂಗ್ಲಿಷಿನಲ್ಲಿ ಅದು ಬಟ್ಟೆಗಳು. ನಮ್ಮಲ್ಲಿ ಅದು ಜಾಗ. ‘ಗಾರ್ಮೆಂಟ್ಸ್‌ಗೆ ಹೋಗ್ತಾಳೆ’ ಅಂದರೆ ಸಾಕು, ಅವಳು ಏನು ಹೊಲಿಯುತ್ತಾಳೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಒಳಗೆ ಬಟ್ಟೆಗೆ ಬಟ್ಟೆ ಅಂತಲೂ ಅನ್ನುವುದಿಲ್ಲವಂತೆ, ‘ಪೀಸು’. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು.

ವ್ಯಾಕರಣದವರಿಗೆ ಇನ್ನೊಂದು ತಕರಾರು ಸಿಗುತ್ತದೆ. ಸಿದ್ಧ ಸಂಸ್ಕೃತ, ಉಡುಪು ಕನ್ನಡ. ಅರಿಸಮಾಸ! ಸಂಧಿ ಮಾಡಿ ‘ಸಿದ್ಧುಡುಪು’ ಅನ್ನಿ ನೋಡೋಣ. ಬಾಯಿಗೆ ಸುಣ್ಣ ಜಾಸ್ತಿ ಆದ ಹಾಗಿರುತ್ತದೆ. ಇರಲಿ, ಅರಿಸಮಾಸದ ಜಗಳಕ್ಕೆ ನಾನು ಬಂದಿಲ್ಲ.

ನನಗೆ ನಿಜವಾಗಿ ಕಾಡಿದ್ದು ಬೇರೆ. ಪ್ಯಾರಿಸ್ಸಿನಲ್ಲಿ ಈ ಪದಕ್ಕೆ ಅರ್ಥ ಬರುವುದು ಎದುರಿಗೆ ಇನ್ನೊಂದು ಪದ ನಿಂತಿರುವುದರಿಂದ. ಅದು ‘ಓತ್ ಕುತ್ಯೂರ್’. ಓತ್ ಅಂದರೆ ಎತ್ತರದ, ಕುತ್ಯೂರ್ ಅಂದರೆ ಹೊಲಿಗೆ. ನೇರವಾಗಿ ‘ಮೇಲ್ಹೊಲಿಗೆ’ ಅಂದುಬಿಡಬಹುದು, ಆದರೆ ಹಾಗೆ ಕೇಳಿದರೆ ನಮ್ಮ ಟೈಲರ್ ಓವರ್‌ಲಾಕ್ ಮಾಡಿಕೊಡುತ್ತಾನೆ. ಓತ್ ಕುತ್ಯೂರ್ ಅಂದರೆ ಒಬ್ಬಳೇ ಗಿರಾಕಿ, ಅವಳ ಅಳತೆ, ಕೈಹೊಲಿಗೆ, ಕಣ್ಣು ತಿರುಗುವಷ್ಟು ಬೆಲೆ. 1945ರಿಂದ ಆ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ಕಾವಲೂ ಇದೆ, ಯಾರೆಂದರೆ ಯಾರು ಹಾಕಿಕೊಳ್ಳುವಂತಿಲ್ಲ. ಅದರ ಕೆಳಗಿನ ಮೆಟ್ಟಿಲು ಪ್ರೆತಾಪೋರ್ತೆ. ಅಳತೆ ಕೊಡಬೇಕಿಲ್ಲ, ಅಂಗಡಿಗೆ ಹೋಗು, ತಗೋ, ಹಾಕ್ಕೋ. ಓತ್ ಕುತ್ಯೂರ್‌ನ ಹೆಸರಾಂತ ವಿನ್ಯಾಸಕ ಈವ್ ಸ್ಯಾಂ ಲೊರಾಂ 1966ರಲ್ಲಿ ‘ರೀವ್ ಗೋಶ್’ ಅಂಗಡಿ ತೆರೆದಾಗ ಸುದ್ದಿಯಾದದ್ದು ಇದಕ್ಕೇ. ಮೇಲಿನವನು ಕೆಳಗಿನ ಮೆಟ್ಟಿಲಿಗೆ ಇಳಿದು ಬಂದ.

ನಮ್ಮಲ್ಲಿ ಮೆಟ್ಟಿಲು ತಲೆಕೆಳಗು. ನನ್ನ ಬಾಲ್ಯದಲ್ಲಿ ಅಳತೆ ಕೊಟ್ಟು ಹೊಲಿಸುವುದೇ ದಿನನಿತ್ಯದ ಪಾಡು. ಅಮ್ಮ ಹಳೆಯ ಅಳತೆ ಬ್ಲೌಸನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಅಪ್ಪ ನನ್ನನ್ನು ನಿಲ್ಲಿಸಿ, ಬೆಳೆಯೋ ಹುಡುಗ, ಒಂದಿಂಚು ಒಳಗೆ ಬಿಟ್ಟು ಹೊಲಿಯಪ್ಪ ಅನ್ನುತ್ತಿದ್ದ. ದೀಪಾವಳಿ ಮುಗಿದ ಮೇಲೆ ಅಂಗಿ ಸಿಗುತ್ತಿತ್ತು. ಪೇಟೆಯಿಂದ ತಂದ ‘ರೆಡಿಮೇಡ್’ ಷರ್ಟು ಯಾರಾದರೂ ಹಾಕಿಕೊಂಡು ಬಂದರೆ ಅದು ಷೋಕಿ. ಕಾಲರಿನ ಕೆಳಗಿನ ರಟ್ಟನ್ನು ಕೂಡ ಎಸೆಯುತ್ತಿರಲಿಲ್ಲ. ಅಂದರೆ ಪ್ಯಾರಿಸ್ಸಿನ ಸಿರಿವಂತೆಗೆ ಸಿಗುವ ‘ನನ್ನ ಅಳತೆ, ನನ್ನ ದರ್ಜಿ’ ನಮ್ಮ ಬೀದಿಯಲ್ಲಿ ಎಲ್ಲರಿಗೂ ಇತ್ತು. ಆದ್ದರಿಂದ ‘ರೆಡಿಮೇಡ್’ ಅಂತ ತಲೆಬರಹ ಕೊಟ್ಟರೆ ನಮ್ಮ ವಯಸ್ಸಿನವರ ಕಿವಿಗೆ ಬೆಲೆ ಏರುತ್ತದೆ, ಇಳಿಯುವುದಿಲ್ಲ. ‘ರೆಡಿ ಟು ವೇರ್’ ಅಂತಲೇ ಬಿಟ್ಟರೆ ಇನ್ನೂ ಕಷ್ಟ. ಈಗ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಮಾರುವುದು ನೆರಿಗೆ ಹೊಲಿದಿಟ್ಟ ಸೀರೆಯನ್ನು. ಜಿಪ್ ಎಳೆದರೆ ಸೀರೆ. ನನ್ನ ತಂಗಿ ಪರಿಚಯದ ಕರಡು ನೋಡಿ, “ಇಷ್ಟು ದೊಡ್ಡ ನಿರ್ದೇಶಕರು ಅದರ ಮೇಲೆ ಸಿನಿಮಾ ಮಾಡಿದ್ರಾ?” ಅಂತ ಕೇಳಿದಳು.

ಸರಿ, ಹೊಸದಾಗಿಯೇ ಕಟ್ಟೋಣ ಅಂತ ಹೊರಟೆ. ‘ಉಡಲು ಸಿದ್ಧ’? ‘ತೊಡಲು ಸಿದ್ಧ’? ಇಲ್ಲಿ ನಮ್ಮ ಭಾಷೆಯ ಶ್ರೀಮಂತಿಕೆಯೇ ಕಾಲಿಗೆ ತೊಡರಿತು. ಸೀರೆ, ಪಂಚೆ ಉಡುತ್ತೇವೆ. ಅಂಗಿ, ಬಳೆ ತೊಡುತ್ತೇವೆ. ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಟ್ಟುಕೊಳ್ಳುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಮೈಗೆ ಸುತ್ತುವುದಕ್ಕೆ ಉಡು, ಕೈಕಾಲು ತೂರಿಸುವುದಕ್ಕೆ ತೊಡು. ‘ಉಡುಗೆ ತೊಡುಗೆ’ ಅನ್ನುವ ಜೋಡಿ ಸುಮ್ನೆ ಬಂದದ್ದಲ್ಲ. ಈ ಲೆಕ್ಕದಲ್ಲಿ ಕಾರ್ಖಾನೆಯ ಷರ್ಟು ಪ್ಯಾಂಟು ‘ಸಿದ್ಧ ತೊಡುಗೆ’ ಆಗಬೇಕಿತ್ತು. ಹೊಲಿಗೆಯೇ ಇಲ್ಲದ ಸೀರೆ ಪಂಚೆಗಳಿಗೆ ಸಿದ್ಧ, ಅಸಿದ್ಧ ಅನ್ನುವ ಪ್ರಶ್ನೆಯೇ ಇಲ್ಲ. ಉಡುಪಿಗೆ ಅರ್ಥ ಅಗಲವಾಗಿದೆ, ಒಪ್ಪುತ್ತೇನೆ. ಆದರೂ ಉಡು ಅಂದಾಗ ನನ್ನ ಕಣ್ಣಿಗೆ ನೆರಿಗೆಯೇ ಕಾಣುತ್ತದೆ.

(ಮೆಟ್ಟು ಅಂದೆನಲ್ಲ. ಈ ಸಿನಿಮಾದಲ್ಲಿ ಮತ್ತೆ ಮತ್ತೆ ಬರುವ ತಮಾಷೆ ಒಂದಿದೆ. ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ನಾಯಿ ಹೇಲು ತುಳಿಯುತ್ತಾರೆ. ದುಬಾರಿ ಬೂಟು ಮೆಟ್ಟಿದವರು ಅದನ್ನೂ ಮೆಟ್ಟುತ್ತಾರೆ. ಒಂದೇ ಕ್ರಿಯಾಪದ, ಎರಡು ಕೆಲಸ. ಈ ಸಾಲನ್ನು ಮಾತ್ರ ಪರಿಚಯದಿಂದ ಯಾರು ಹೇಳಿದರೂ ತೆಗೆಯುವುದಿಲ್ಲ.)

ಉಳಿದದ್ದು ‘ಧರಿಸು’. ನನಗೆ ಈ ಪದ ಹಿಡಿಸುವುದಿಲ್ಲ. ಮನೆಯಲ್ಲಿ ಯಾರೂ ‘ಅಂಗಿ ಧರಿಸು ಮಗಾ’ ಅನ್ನುವುದಿಲ್ಲ. ಅದು ಹೆಲ್ಮೆಟ್ ಫಲಕದ ಪದ. ಆದರೆ ಕೊನೆಯ ದೃಶ್ಯ ಇನ್ನೊಂದು ಸಲ ನೋಡಿದೆ, ಬಾಯಿ ಮುಚ್ಚಿತು.

ನೋಡಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಕಥೆ ಅಂತ ಹಿಡಿದು ಹೇಳುವಂಥದ್ದು ಇಲ್ಲಿ ಕಡಿಮೆ. ಫ್ಯಾಷನ್ ಸಂಘದ ಮುಖ್ಯಸ್ಥ ಕಾರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡು, ಸ್ಯಾಂಡ್‌ವಿಚ್ ಗಂಟಲಿಗೆ ಸಿಕ್ಕಿ ಸಾಯುತ್ತಾನೆ. ಊರೆಲ್ಲ ಕೊಲೆ ಅಂದುಕೊಳ್ಳುತ್ತದೆ. ಕಾರಿನಲ್ಲಿ ಜೊತೆಗಿದ್ದ ಪಾತ್ರ ಇಟಲಿಯ ನಟ ಮಾರ್ಚೆಲ್ಲೊ ಮಾಸ್ತ್ರೊಯಾನಿ ಅವರದು, ಅವರು ಸೇನ್ ನದಿಗೆ ಹಾರುತ್ತಾರೆ. 1963ರ ಚಿತ್ರವೊಂದರಲ್ಲಿ ಅವರ ಮುಂದೆ ಸೋಫಿಯಾ ಲೊರೆನ್ ಒಂದೊಂದೇ ಬಟ್ಟೆ ಕಳಚಿದ ದೃಶ್ಯ ಹೆಸರುವಾಸಿ. ಇಲ್ಲಿ ಅದನ್ನೇ ಮತ್ತೆ ಮಾಡುತ್ತಾರೆ, ಈ ಸಲ ಮಾಸ್ತ್ರೊಯಾನಿಗೆ ನಿದ್ದೆ ಬಂದುಬಿಡುತ್ತದೆ. ಅಮೆರಿಕದ ಪತ್ರಕರ್ತರ ಪಾತ್ರದಲ್ಲಿ ಜೂಲಿಯಾ ರಾಬರ್ಟ್ಸ್, ಟಿಮ್ ರಾಬಿನ್ಸ್. ಫ್ಯಾಷನ್ ವಾರಕ್ಕೆಂದು ಬಂದ ಊರಿನಲ್ಲಿ ಹೋಟೆಲ್ ರೂಮು ಬಿಟ್ಟು ಹೊರಗೆ ಬರುವುದೇ ಅಪರೂಪ, ಅಲ್ಲಿ ಅವರ ಉಡುಪು ಸ್ನಾನದ ಗೌನು. ಇದೆಲ್ಲದರ ನಡುವೆ ಸಿಮೋನ್ ಲೋ ಎಂಬ ವಿನ್ಯಾಸಕಿ. ಆನುಕ್ ಎಮೆ ಮಾಡಿದ ಪಾತ್ರ. ಅವಳ ಮಗ ಅವಳಿಗೆ ಹೇಳದೆ ಕಂಪನಿಯನ್ನು ಟೆಕ್ಸಾಸ್‌ನ ಬೂಟು ವ್ಯಾಪಾರಿಗೆ ಮಾರಿಬಿಡುತ್ತಾನೆ. ಅವಳು ಕೊನೆಯ ಪ್ರದರ್ಶನದಲ್ಲಿ ಮಾಡೆಲ್‌ಗಳನ್ನೆಲ್ಲ ಬರಿಮೈಯಲ್ಲಿ ನಡೆಸುತ್ತಾಳೆ. ಕಟ್ಟಕಡೆಗೆ ಬರುವ ಮದುಮಗಳ ಮೈಮೇಲೆ ಮುಸುಕು ಬಿಟ್ಟರೆ ಬಟ್ಟೆ ಇಲ್ಲ. ಆ ಪಾತ್ರದಲ್ಲಿದ್ದ ಊಟೆ ಲೆಂಪರ್ ಆಗ ನಿಜವಾಗಿಯೂ ಬಸುರಿ.

ಅವಳು ಬಟ್ಟೆ ಧರಿಸಿಲ್ಲ, ಗರ್ಭ ಧರಿಸಿದ್ದಾಳೆ. ಫ್ರೆಂಚಿನ ‘ಪೋರ್ತೆ’ ಮಗುವನ್ನು ಹೊರುವುದಕ್ಕೂ ಆಗುತ್ತದೆ, ಅಂಗಿ ಹಾಕುವುದಕ್ಕೂ ಆಗುತ್ತದೆ. ನಮ್ಮ ಉಡು, ತೊಡು, ಹಾಕು ಮೂರೂ ಇಲ್ಲಿ ಸೋಲುತ್ತವೆ. ನನಗೆ ಹಿಡಿಸದ ಧರಿಸು ಒಂದೇ ಎರಡೂ ಕಡೆ ನಿಲ್ಲುತ್ತದೆ. ಆಲ್ಟ್‌ಮನ್ ಇದನ್ನು ಯೋಚಿಸಿಯೇ ಹೆಸರಿಟ್ಟರು ಅಂತ ನಾನು ಹೇಳುತ್ತಿಲ್ಲ. ಪದ ಮಾತ್ರ ಅಲ್ಲಿಗೆ ಹೋಗಿ ನಿಂತಿದೆ. ಹಾಗಾಗಿ ‘ಧರಿಸಲು ಸಿದ್ಧ’ ಅನ್ನಬೇಕಾ? ಅರ್ಥ ಸರಿ, ಆದರೆ ಎನ್‌.ಸಿ.ಸಿ. ಪರೇಡಿನ ಹಾಗೆ ಕೇಳಿಸುತ್ತದೆ.

ಇನ್ನೊಂದು ದಾರಿ ಹೊಳೆದಿದೆ. ದಾರಿ ಅಂದೆನಲ್ಲ, ಅಲ್ಲೇ ಇದೆ. ಕ್ಯಾಟ್‌ವಾಕ್‌ಗೆ ನಮ್ಮ ಪತ್ರಿಕೆಗಳು ‘ಮಾರ್ಜಾಲ ನಡಿಗೆ’ ಅಂತ ಬರೆಯುತ್ತವೆ. ಆ ಪದ ಮೊದಲು ಹಡಗು, ಸೇತುವೆಗಳ ಮೇಲಿನ ಇಕ್ಕಟ್ಟಾದ ಓಡಾಟದ ಪಟ್ಟಿಗೆ ಇದ್ದದ್ದು. ಅದು ನಡಿಗೆಯಲ್ಲ, ದಾರಿ. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಅಂತಲೇ ಹೆಸರು, ಹೆದ್ದಾರಿಗೆ ಹೆಬ್ಬಟ್ಟೆ. ಹಾಗಾದರೆ ಕೊನೆಯ ದೃಶ್ಯದಲ್ಲಿ ಬಟ್ಟೆ ಇದೆ, ಬಟ್ಟೆ ಇಲ್ಲ! ತಲೆಬರಹ ಬರಿಯ ‘ಬಟ್ಟೆ’ ಅಂತ ಇಟ್ಟರೆ ಹೇಗೆ? ಹಳಗನ್ನಡ ಓದದವರಿಗೆ ಬರಿ ಬಟ್ಟೆ, ಓದಿದವರಿಗೆ ಇನ್ನೊಂದು ನಗು. ನನ್ನ ಹೆಂಡತಿ, ಬಟ್ಟೆ ಅಂಗಡಿ ಬೋರ್ಡಿನ ಹಾಗಿದೆ ಅಂದಳು. ಅವಳ ಮಾತಲ್ಲಿ ಸತ್ಯ ಇದೆ ಅನ್ನಿಸಿ ಅಲ್ಲಿಗೆ ನಿಲ್ಲಿಸಿದ್ದೇನೆ.

ಇದರ ಜೊತೆಗೆ ಒಂದು ಚಿಕ್ಕ ಪ್ರಶ್ನೆ, ‘ಆನ್ಸಾಂಬ್ಲ್’ ಬಗ್ಗೆ. ನಾಯಕ ಅಂತ ಒಬ್ಬನಿಲ್ಲದೆ ಇಪ್ಪತ್ತು ಮೂವತ್ತು ಜನ ಸೇರಿ ಎತ್ತಿಕೊಂಡು ಹೋಗುವ ಇಂಥ ಚಿತ್ರಕ್ಕೆ ಅದೇ ಹೆಸರು. ಈ ಚಿತ್ರದ ನಟವರ್ಗಕ್ಕೆ ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಪ್ರಶಸ್ತಿ ಬಂದದ್ದೂ ಒಟ್ಟಾಗಿಯೇ. ‘ಬಹುತಾರಾಗಣ’ ಅಂದರೆ ತಾರೆಯರ ಎಣಿಕೆ ಆಯಿತು, ಹೊಂದಾಣಿಕೆ ಬರಲಿಲ್ಲ. ನಾನು ‘ಮೇಳದ ಚಿತ್ರ’ ಅಂತ ಬರೆದಿದ್ದೇನೆ. ಯಕ್ಷಗಾನದ ಮೇಳ ನೋಡಿದವರಿಗೆ ಥಟ್ಟನೆ ತಿಳಿಯುತ್ತದೆ. ಅಲ್ಲಿ ಪಾತ್ರಕ್ಕೂ ಬಟ್ಟೆಗೂ ಒಂದೇ ಪದ, ವೇಷ. ಫ್ಯಾಷನ್ ಸಿನಿಮಾಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವ ಪದ ಇನ್ಯಾವುದು? ಆದರೆ ಆನ್ಸಾಂಬ್ಲ್‌ಗೆ ದರ್ಜಿಗಳ ಲೋಕದಲ್ಲಿ ಇನ್ನೊಂದು ಅರ್ಥ ಇದೆ, ಒಂದಕ್ಕೊಂದು ಹೊಂದುವ ಪೂರ್ತಿ ಉಡುಗೆ. ಅದಕ್ಕೆ ನಮ್ಮ ‘ಜೊತೆ’ ಇದೆ. ಹಬ್ಬಕ್ಕೆ ಒಂದು ಜೊತೆ ಬಟ್ಟೆ. ಆನ್ಸಾಂಬ್ಲ್‌ನ ಮೂಲ ಅರ್ಥವೂ ಜೊತೆಗೆ, ಒಟ್ಟಿಗೆ ಅಂತಲೇ. ಮೇಳದಲ್ಲಿ ಜನ, ಜೊತೆಯಲ್ಲಿ ಬಟ್ಟೆ. ಎರಡನ್ನೂ ಹಿಡಿಯುವ ಒಂದೇ ಪದ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಧಾರವಾಡ, ವಿಜಯಪುರ ಕಡೆಯವರಲ್ಲಿ ವಿಶೇಷವಾಗಿ ಕೇಳುತ್ತೇನೆ. ನಿಮ್ಮಲ್ಲಿ ಬಟ್ಟೆಗೆ ಅರಿವೆ ಅನ್ನುತ್ತೀರಿ, ದರ್ಜಿಗೆ ಸಿಂಪಿಗ ಅನ್ನುತ್ತೀರಿ. ಹೊಲಿಸದೆ ಅಂಗಡಿಯಿಂದ ತಂದ ಅರಿವೆಗೆ ಹಿರಿಯರು ಏನಾದರೂ ಬೇರೆ ಹೆಸರು ಹೇಳುತ್ತಿದ್ದರಾ? ಮಂಗಳೂರು, ಕುಂದಾಪುರದ ಕಡೆ? ‘ರೆಡಿಮೇಡ್’ ಬರುವ ಮೊದಲಿನ ಪದ ಬೇಕು. ಸಂತೆಯಲ್ಲಿ ಹೊಲಿದ ಚಡ್ಡಿ, ಜುಬ್ಬ ಮಾರುತ್ತಿದ್ದರಲ್ಲ, ಅದಕ್ಕೊಂದು ಹೆಸರು ಇದ್ದೇ ಇರಬೇಕು.

ಶನಿವಾರ ಸಂಜೆ ಸಿನಿಮಾ, ಶುಕ್ರವಾರ ಪ್ರಿಂಟ್ ಕೊಡಬೇಕು. ಗಾರ್ಮೆಂಟ್ಸ್ ಅಕ್ಕನಿಗೂ ಬನ್ನಿ ಅಂದಿದ್ದೇನೆ. ಕೊನೆಯ ದೃಶ್ಯ ಹೀಗಿದೆ ಅಂತ ಮೊದಲೇ ಹೇಳಿದೆ, ಮುಜುಗರ ಆಗಬಾರದಲ್ವಾ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಷ್ಟೂ ಜನ ಬಟ್ಟೆ ಇಲ್ದೆ ನಡೆದ್ರೆ ಅವತ್ತು ನಮ್ಗೆ ಟಾರ್ಗೆಟ್ ಇರಲ್ಲ ಬಿಡಿ” ಅಂದರು.