ಟಾಂಗಾ ಮನೆ ಗುಂಪು: ಮೋತಿಯ ಕೆಮ್ಮು

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) *ಕುದುರೆ ಕೆಮ್ಮಿಗೆ ಮನೆಮದ್ದು! ಲಾಯದ ಬಾಗಿಲು ಮುಚ್ಚಿ ಬೇವಿನ ಸೊಪ್ಪು, ಓಮದ ಹೊಗೆ ಹಾಕಿ. ಮೂರೇ ದಿನದಲ್ಲಿ ಗುಣ. ಸೂಜಿ ಬೇಡ.*

ದೊಡ್ಡಪ್ಪ: ಸಂಜೆ ಮೋತಿಗೆ ಇದನ್ನೇ ಮಾಡೋದು.

ನಾನು: ಬೇಡ ದೊಡ್ಡಪ್ಪ, ದಯವಿಟ್ಟು. ಫ್ಲೂ ಆಗಿದ್ರೆ ಶ್ವಾಸನಾಳದ ಒಳಪದರವೇ ಕಿತ್ತುಹೋಗಿರುತ್ತೆ. ಮತ್ತೆ ಬೆಳೆಯೋಕೆ ಮೂರು ವಾರವಾದ್ರೂ ಬೇಕು. ಆ ಹಸಿ ಗಾಯಕ್ಕೆ ಹೊಗೆ ಬಿಡ್ತೀರಾ? ಬಾಗಿಲು ಮುಚ್ಚಿದ್ರೆ ಲಾಯದಲ್ಲಿರೋ ಇನ್ನೊಂದು ಕುದುರೆ ರಾಣಿಗೂ ಅದೇ ಗಾಳಿ.

ಭಾವ: ದಸರಾ ಬಂತು. ಮೋತಿನ ಕಟ್ಟಿಹಾಕಿದ್ರೆ ಹುರುಳಿಗೆ ದುಡ್ಡೆಲ್ಲಿಂದ? ಹಿಂದೆಲ್ಲ ಕೆಮ್ಮಿಕೊಂಡೇ ಓಡಿವೆ.

ನಾನು: ಕಷ್ಟ ಗೊತ್ತು ಭಾವ. ಆದ್ರೆ ಎಷ್ಟು ದಿನ ಜ್ವರವೋ ಅಷ್ಟು ವಾರ ವಿಶ್ರಾಂತಿ ಅನ್ನೋದು ಲೆಕ್ಕ. ಈಗ ಗಾಡಿಗೆ ಹೂಡಿದ್ರೆ ನ್ಯುಮೋನಿಯಾಕ್ಕೆ ತಿರುಗಬಹುದು. ಆಮೇಲೆ ದಸರಾ ಅಲ್ಲ, ಕುದುರೆನೇ ಇರಲ್ಲ.

ಅತ್ತೆ: ಗಾಳೀಲಿ ಹರಡೋದಕ್ಕೆ ನಾವೇನು ಮಾಡೋಕಾಗುತ್ತೆ?

ನಾನು: ಗಾಳಿ ಒಂದೇ ಅಲ್ಲ ಅತ್ತೆ. ನೆನ್ನೆ ಬೆಳಿಗ್ಗೆ ಕಣ್ಣಾರೆ ನೋಡಿದೆ. ಮೋತಿ ಸಿಂಬಳ ಒರೆಸಿದ ಕೆಂಪು ಟವೆಲ್‌ನಲ್ಲೇ ಭಾವ ರಾಣಿ ಬಾಯಿನ ನೊರೆ ಒರೆಸಿದ್ರು. ಎರಡೂ ಕುಡಿಯೋದು ಒಂದೇ ನೀಲಿ ಬಕೆಟ್‌ನಲ್ಲಿ.

ಸಿಡ್ನಿ ಅಣ್ಣ: ಅವಳು ಹೇಳೋದು ಸರಿ. ಆಸ್ಟ್ರೇಲಿಯಾದಲ್ಲಿ 2007ರ ಆಗಸ್ಟ್ ತನಕ ಕುದುರೆ ಫ್ಲೂ ಇರಲೇ ಇಲ್ಲ. ಹೊರದೇಶದಿಂದ ತಂದ ಕುದುರೆಗಳ ಕ್ವಾರಂಟೈನ್‌ನಿಂದ ಹೊರಬಿತ್ತು. ಜನರ ಕೈ, ಬಟ್ಟೆ, ಸಾಮಾನಿಗೆ ಅಂಟಿ ಬಂದಿರ್ಬೇಕು ಅಂದ್ರು. ದೇಶದಲ್ಲಿ ಕುದುರೆ ಸಾಗಾಟವನ್ನೇ ನಿಲ್ಲಿಸಿದ್ರು.

ಭಾವ: ಅದು ರೇಸ್ ಕುದುರೆ ಕಥೆ.

ನಾನು: 2008ರಲ್ಲಿ ಜಮ್ಮುವಿನ ಕತ್ರಾದಲ್ಲಿ ಶುರುವಾಗಿದ್ದು ವೈಷ್ಣೋದೇವಿ ಯಾತ್ರಿಕರನ್ನ ಹೊರೋ ಕುದುರೆ, ಹೇಸರಗತ್ತೆಗಳಲ್ಲಿ. ನಮ್ಮ ಹಾಗೇ ದುಡಿದು ತಿನ್ನೋರ ಪ್ರಾಣಿಗಳು. ಅದೇ ವರ್ಷ ನಮ್ಮ ಮೈಸೂರಿನ ಕುದುರೆಗಳಲ್ಲೂ ಆ ಕುದುರೆ ಫ್ಲೂ ವೈರಸ್ (ಎಚ್3ಎನ್8) ಸಿಕ್ತು.

ದೊಡ್ಡಪ್ಪ: ಹಾಗಾದ್ರೆ ಇವತ್ತೇ ಎರಡಕ್ಕೂ ಲಸಿಕೆ ಹಾಕ್ಸೋಣ.

ನಾನು: ಜ್ವರ ಇರೋದಕ್ಕೆ ಬೇಡ. ರಾಣಿದು ಡಾಕ್ಟರ್ ನಿರ್ಧರಿಸ್ಲಿ. ಮೊದಲನೇದು ಹಾಕಿ ನಾಲ್ಕರಿಂದ ಆರು ವಾರಕ್ಕೆ ಎರಡನೇದು ಬೀಳ್ಬೇಕು. ಮೊದಲು ಮೂಗಿನ ಸ್ವಾಬ್, ರಕ್ತ ಪರೀಕ್ಷೆ. ಫ್ಲೂ ಅಲ್ಲದೆ ಗ್ಲ್ಯಾಂಡರ್ಸ್ ಅನ್ನೋ ಇನ್ನೊಂದು ಕುದುರೆ ರೋಗ ಆಗಿದ್ರೆ ಮನುಷ್ಯರಿಗೂ ಅಂಟುತ್ತೆ. ಅಲ್ಲೀವರೆಗೆ ಮಕ್ಕಳನ್ನ ಲಾಯಕ್ಕೆ ಬಿಡಬೇಡಿ.

ಅತ್ತೆ: ಜ್ವರ ನೋಡಿಸ್ದೆ. ಮೋತಿ 103, ರಾಣಿ 100, ಕುದುರೆಗೆ ಅದು ಜ್ವರ ಅಲ್ಲ. ನೀಲಿ ಬಕೆಟ್ ಮೋತಿಗೇ ಬಿಟ್ಟೆ. ರಾಣಿಗೆ ಸ್ಟೀಲ್‌ದು.

ಭಾವ: ನಾಳೆ ಹೂಡಲ್ಲ. ಮೋತಿನ ಹಿತ್ತಲ ಹುಣಸೆಮರದ ಕೆಳಗೆ ಕಟ್ತೀನಿ.

ನಾನು: ಮೇವು ಮೊದಲು ರಾಣಿಗೆ ಹಾಕಿ ಭಾವ, ಆಮೇಲೆ ಮೋತಿಗೆ. ಸೋಪು ಹಚ್ಚಿ ಕೈ ತೊಳ್ಕೊಳ್ಳಿ.

ದೊಡ್ಡಪ್ಪ: ಹೊಗೆ ಹಾಕಲ್ಲ. ಡಾಕ್ಟರ್‌ನ ಬೆಳಿಗ್ಗೆ ಆರಕ್ಕೇ ಕರ್ಕೊಂಡು ಬಾ.