ಎಂಟನೇ ಕ್ಲಾಸಿಗೆ ಭಾಗಾಕಾರ ಬರುತ್ತಿಲ್ಲ, ಏನು ಮಾಡಲಿ?

ಯಾದಗಿರಿ ಕಡೆಯ ಒಂದು ಸಣ್ಣ ಸರ್ಕಾರಿ ಹೈಸ್ಕೂಲಿಗೆ ಗಣಿತ ಮೇಷ್ಟ್ರಾಗಿ ಬಂದು ಮೂರು ವಾರ ಆಯಿತು. ಎಂಟನೇ ಕ್ಲಾಸಿನ ಅರ್ಧ ಮಕ್ಕಳಿಗೆ 84ನ್ನು 4ರಿಂದ ಭಾಗಿಸಲು ಬರುವುದಿಲ್ಲ. ನಿನ್ನೆ ಒಬ್ಬ ಹುಡುಗಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ಸುಮ್ನೆ ನಿಂತುಬಿಟ್ಟಳು, ಕೈ ನಡುಗುತ್ತಿತ್ತು, ನೋಡಿ ನನಗೇ ಸಂಕಟವಾಯಿತು. ಪಾಠ ಮುಂದಕ್ಕೆ ಓಡಿಸಬೇಕಾ, ಹಿಂದಕ್ಕೆ ಹೋಗಬೇಕಾ?

ಉತ್ತರ 1: ಹಿಂದಕ್ಕೆ ಹೋಗಿ ಸರ್. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ಕ್ಲಾಸಿನ ಪಾಠ ಮತ್ತೆ ಕಲಿಸುವ ಕಾರ್ಯಕ್ರಮ, ಇರುವುದೇ ಇದಕ್ಕೆ ಅಲ್ವಾ? ಅದು ಮುಗಿದ ಮೇಲೂ ದಿನಾ ಹತ್ತು ನಿಮಿಷ ಮಗ್ಗಿ ಹೇಳಿಸಿ. ಬೋರ್ಡಿಗೆ ಒಬ್ಬರನ್ನೇ ಕರೆಯಬೇಡಿ, ಇಬ್ಬಿಬ್ಬರನ್ನು ಕರೆಯಿರಿ.

ಉತ್ತರ 2: ಹತ್ತಿ ಬಿಡಿಸುವಾಗ ಹಾಜರಿ ಕಮ್ಮಿಯಾಗುತ್ತದೆ, ಬೈಯಬೇಡಿ, ಮನೆಗೆ ಹೋಗಿ ಅವರ ಅವ್ವನ ಹತ್ತಿರ ಮಾತಾಡಿ. ಕೂಲಿ ಲೆಕ್ಕ ಈ ಮಕ್ಕಳಿಗೆ ಬಾಯಲ್ಲೇ ಬರುತ್ತದೆ, ಅಲ್ಲಿಂದ ಶುರುಮಾಡಿ.

ಕೇಳಿದವರು: ಮೇಡಂ, ಇವತ್ತು ಕೂಲಿ ಲೆಕ್ಕವನ್ನೇ ಕೇಳಿದೆ. ಅದೇ ಹುಡುಗಿ ಮೊದಲು ಕೈ ಎತ್ತಿದಳು!