ಚಾರ್ಮಾಡಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತೆ

ಪ್ರಶ್ನೆ: ನನ್ನದು ಪೋಲೊ ಜಿಟಿ ಟಿಎಸ್‌ಐ ಕಾರು. ಘಾಟಿ ಇಳಿದು ಕೊಟ್ಟಿಗೆಹಾರದಿಂದ ಉಜಿರೆ ಕಡೆ ಬರುವಾಗ, ಕೊನೆಯ ತಿರುವುಗಳಲ್ಲಿ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತೆ. ಹಂಪ್ ಹತ್ತಿಸಿದರೆ ಮುಂದೆ ಟಕ್ ಅಂತ ಸದ್ದು. ಡಾಟ್ 5.1 ದರ್ಜೆಯ ಬ್ರೇಕ್ ಆಯಿಲ್ ಹಾಕಿಸಲಾ? ಸಸ್ಪೆನ್ಷನ್ ಕೀಲುಗಳಲ್ಲಿರೋ ರಬ್ಬರ್ ಬುಷ್ (ಅದುರು ತಡೆಯೋ ಮೆತ್ತೆ) ತೆಗೆದು ಪೂರ್ತಿ ಗಟ್ಟಿ ಪಾಲಿಯೂರಿಥೇನ್ ಬುಷ್ ಹಾಕಿಸಲಾ?

ಉತ್ತರ 1: ಗುರು, ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು? ಅದು ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಕುದಿಯೋದು ಕನಿಷ್ಠ 230 ಡಿಗ್ರಿಗೆ, ನೀರು ಸೇರಿದರೆ 155ಕ್ಕೇ ಕುದಿಯಬಹುದು. ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗುತ್ತೆ. 5.1ಕ್ಕೆ ಇದೇ ಮಿತಿ 260, 180. ಧಾರಾಳವಾಗಿ ಹಾಕಿ. ಆದರೆ ಬರೀ ಡಾಟ್ 5 ಬೇಡವೇ ಬೇಡ, ಅದು ಸಿಲಿಕೋನ್, ಡಾಟ್ 4, 5.1ರ ಜೊತೆ ಬೆರೆಯಲ್ಲ. ಡಾಟ್ 4 ಅಥವಾ 5.1 ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ.

ಉತ್ತರ 2: ಇಳಿಜಾರಲ್ಲಿ ಎರಡನೇ ಗೇರಲ್ಲೇ ಇರಿ, ಎಂಜಿನ್ನೇ ವೇಗ ಹಿಡಿಯುತ್ತೆ, ಬ್ರೇಕ್ ಕಡಿಮೆ ಕಾಯುತ್ತೆ. ಬ್ರೇಕ್ ಪ್ಯಾಡ್ ಕೂಡ ನೋಡಿಸಿ.

ಉತ್ತರ 3: ಬುಷ್ ವಿಷಯಕ್ಕೆ ಬರ್ತೀನಿ. ದಿನಾ ಓಡಿಸೋ ಗಾಡಿಗೆ ಎಲ್ಲಾ ಕಡೆ ಪಾಲಿ ಹಾಕಿದರೆ ರಸ್ತೆಯ ಅದುರು ಸೀಟಿಗೇ ಬರುತ್ತೆ. ಲೋಯರ್ ಆರ್ಮ್‌ನ (ಮುಂದಿನ ಚಕ್ರವನ್ನು ಹಿಡಿದಿರೋ ಕೆಳಗಿನ ತೋಳು) ಹಿಂದಿನ ಬುಷ್ ಮಾತ್ರ ಪಾಲಿ ಹಾಕಿಸಿ, ಬ್ರೇಕ್ ಒತ್ತಿದಾಗ ಜಾಸ್ತಿ ಭಾರ ಬೀಳೋದು ಅಲ್ಲೇ. ಸಿಲಿಕೋನ್ ಗ್ರೀಸ್ ಮರೆತರೆ ಕಿರ್ ಅನ್ನುತ್ತೆ. ಉಳಿದವು ರಬ್ಬರೇ ಇರಲಿ. ಬೋಲ್ಟ್ ಕೊನೇ ಸಲ ಬಿಗಿಯೋದು ಚಕ್ರ ನೆಲದ ಮೇಲಿದ್ದಾಗ. ಜಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.